ಪರ್ಲಾರೆ ಅನ್ನೋ ಒಂದೇ ಕ್ರಿಯಾಪದಕ್ಕೆ 21 ಕಾಲ: ಎಲ್ಲಿಂದ ಶುರು ಮಾಡಲಿ?

ಹೊರಡೋ ತಯಾರಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿಗೆ ಇಟಲಿಯ ತೊರೀನೊದಲ್ಲಿ ಮಾಸ್ಟರ್ಸ್ ಸೇರ್ತಿದೀನಿ. ಪಾಠ ಇಂಗ್ಲಿಷಲ್ಲೇ. ಆದ್ರೆ ಬಾಡಿಗೆ ಮನೆ ಹುಡುಕೋದು, ಪೆರ್ಮೆಸ್ಸೊ ದಿ ಸೊಜ್ಜೋರ್ನೊ ಅಂತ ವಾಸದ ಪರವಾನಗಿ ಮಾಡಿಸೋದು, ಇದಕ್ಕೆಲ್ಲ ಇಟಾಲಿಯನ್ ಬೇಕೇ ಬೇಕು ಅಂತ ಸೀನಿಯರ್ಸ್ ಹೆದರಿಸಿಟ್ಟಿದಾರೆ. ಪುಸ್ತಕ ತಗೊಂಡೆ. ಹಿಂದಿನ ಪುಟಗಳಲ್ಲಿ 'ಪರ್ಲಾರೆ' (ಮಾತಾಡು) ಅನ್ನೋದರ ರೂಪಗಳನ್ನೆಲ್ಲ ಕೋಷ್ಟಕ ಮಾಡಿ ಹಾಕಿದಾರೆ. 7 'ಅರ್ಥ'ಗಳು (ಆಜ್ಞೆ, ಷರತ್ತು ಥರದ ಧಾಟಿಗಳು), 21 ಕಾಲಗಳು, ಒಂದೊಂದರಲ್ಲೂ ಆರಾರು ರೂಪ. ಇದು 'ನಿಯಮಿತ' ಕ್ರಿಯಾಪದ ಅಂತೆ! ನಿಯಮಿತದ್ದೇ ಹಿಂಗಾದ್ರೆ ಅನಿಯಮಿತದ್ದು ಹೆಂಗಿರುತ್ತೋ.

ಮಗ್ಗಿ ಥರ ಬಾಯಿಪಾಠ ಮಾಡಿದ್ರೆ ಬೆಳಿಗ್ಗೆ ಬರುತ್ತೆ, ಸಂಜೆ ಮರೆತುಹೋಗುತ್ತೆ. ಯಾವುದನ್ನ ಮೊದಲು ಕಲೀಬೇಕು, ಯಾವುದನ್ನ ಬಿಡಬಹುದು, ಗೊತ್ತಿರೋರು ಹೇಳಿ.

ತೊರೀನೊ ಹಳಬ

ಸ್ವಾಗತ. ಮೊದಲು ಆ 21ರ ಭಯ ಬಿಡಿ. ಅದರಲ್ಲಿ 9 ಜೋಡಿ ಕಾಲಗಳು, ಅಂದರೆ 'ಅವೇರೆ' (ಹೊಂದಿರು) ಅನ್ನೋ ಸಹಾಯಕ ಕ್ರಿಯಾಪದದ ಪಕ್ಕ 'ಪರ್ಲಾತೊ' ಅಂತ ಇಡೋದು ಅಷ್ಟೇ. 'ಒ ಪರ್ಲಾತೊ', 'ಅವೇವೊ ಪರ್ಲಾತೊ', 'ಅವ್ರೋ ಪರ್ಲಾತೊ', 'ಅವ್ರೇಯ್ ಪರ್ಲಾತೊ'... ಎಲ್ಲದರಲ್ಲೂ 'ಪರ್ಲಾತೊ' ಅಲುಗಾಡೋದೇ ಇಲ್ಲ. ಅವೇರೆ ಹೇಗೂ ಮೊದಲನೇ ವಾರವೇ ಕಲೀಬೇಕು.

ಉಳಿದವು 12. ಅದರಲ್ಲೂ ಇನ್ಫಿನೀತೊ (ಮೂಲ ರೂಪ), ಎರಡು ಪರ್ತಿಚೀಪ್ಯೊ (ಕೃದಂತ), ಜೆರೂಂದ್ಯೊ ('ಮಾತಾಡ್ತಾ' ಅನ್ನೋ ರೂಪ), ಈ ನಾಲ್ಕಕ್ಕೆ 'ನಾನು, ನೀನು' ಅನ್ನೋ ಪುರುಷಭೇದ ಹತ್ತಲ್ಲ: ಪರ್ಲಾರೆ, ಪರ್ಲಾಂತೆ, ಪರ್ಲಾತೊ, ಪರ್ಲಾಂದೊ. ಮುಗೀತು. ಹಂಗಾಗಿ ಆರಾರು ರೂಪದ ಸಾಲು ಅಂತ ನಿಜವಾಗಿ ಕಲಿಯೋದು ಏಳು. ಆಜ್ಞೆಯದ್ದು ಎಂಟನೇದು, ಅದಕ್ಕೆ 'ನಾನು' ಅನ್ನೋ ರೂಪ ಇಲ್ಲ.

ತೊರೀನೊಗೆ ಬರೋ ಮುಂಚೆ: ವರ್ತಮಾನ, ಒ ಪರ್ಲಾತೊ (ಮಾತಾಡಿದೆ), ಪರ್ಲಾವೊ (ಮಾತಾಡ್ತಿದ್ದೆ). ಬಂದ ಮೇಲೆ ಮಿಕ್ಕಿದ್ದು. 'ಎಬ್ಬಿ ಪರ್ಲಾತೊ' ಅಂತ ಒಂದಿದೆ, ತ್ರಪಸ್ಸಾತೊ ರೆಮೋತೊ. ಅದು ಕಾದಂಬರಿಯಲ್ಲಿ 'ಅವನು ಮಾತಾಡಿದ ಕೂಡಲೇ' ಅನ್ನೋ ಥರದ ವಾಕ್ಯದಲ್ಲಿ ಬರುತ್ತೆ. ಬಾಯಲ್ಲಿ ಯಾರೂ ಆಡಲ್ಲ. ಗೆರೆ ಎಳೆದುಬಿಡಿ.

ಧಾರವಾಡ ಮಾಸ್ತರ

ತಂಗೀ, ನಾ ಕನ್ನಡ ಸಾಲಿ ಮಾಸ್ತರ, ಈಗ ರಿಟೈರ್. ಮಗ ಬೊಲೋನ್ಯದಾಗ ಇದ್ದಾನ, ಅಲ್ಲಿ ಹೋಗಿ ಬಂದು ಮಾಡೂದ್ರಾಗ ನಾನೂ ಕಲ್ತೇನಿ. ಒಂದು ಮಾತು ಹೇಳ್ತೇನಿ, ಇಂಗ್ಲಿಷ್ ಮೂಲಕ ಕಲೀಬ್ಯಾಡ. ಇಂಗ್ಲಿಷಿನ್ಯಾಗ ಕ್ರಿಯಾಪದದ ಬಾಲ ಸವೆದು ಹೋಗೇದ, ಅದಕ್ಕ ಅವರಿಗೆ ಪ್ರತಿ ಸರ್ತಿ 'ನಾನು, ನೀನು' ಹೇಳಬೇಕಾಗ್ತದ. ನಮಗ 'ಮಾತಾಡ್ತೇನಿ' ಅಂದ್ರ ಸಾಕು, 'ನಾನು' ಬ್ಯಾಡ. ಇಟಾಲಿಯನ್ನಿನ್ಯಾಗೂ ಹಂಗ. 'ಪಾರ್ಲೊ' ಅಂದ್ರ ಮುಗೀತು, 'ಇಯೊ' ಸೇರಿಸಿದ್ರ 'ನಾನ ಮಾತಾಡ್ತೇನಿ, ನೀ ಸುಮ್ಮನಿರು' ಅಂದ ಹಾಂಗ ಆಗ್ತದ.

ಇನ್ನ ಬರಿಯೂದು. ನಾ ನನ್ನ ನೋಟಬುಕ್ಕಿನ್ಯಾಗ ಕನ್ನಡ ಲಿಪಿಯೊಳಗ ಬರಕೊಂಡೇನಿ. ಇಟಾಲಿಯನ್ ತ-ದ ನಮ್ಮ ತ-ದ ಇದ್ದಾಂಗ ಹಲ್ಲಿಗೆ ಹತ್ತತಾವ, ಟ-ಡ ಅಲ್ಲ. ಸ್ವರಭಾರ ಎಲ್ಲಿ ಬೀಳ್ತದೋ ಅಲ್ಲಿ ದೀರ್ಘ ಹಾಕ್ತೇನಿ. ದೀರ್ಘ ಎಲ್ಲೂ ಇಲ್ಲದ ಶಬ್ದದಾಗ ಒತ್ತಕ್ಷರ ಬಂದ್ರ ಅದರ ಹಿಂದಿನ ಸ್ವರಕ್ಕ ಭಾರ ಅಂತ ತಿಳಕೋಬೇಕು. ವರ್ತಮಾನ ನೋಡು:

ಪಾರ್ಲೊ, ಪಾರ್ಲಿ, ಪಾರ್ಲ, ಪರ್ಲ್ಯಾಮೊ, ಪರ್ಲಾತೆ, ಪಾರ್ಲನೊ

(ನಾನು, ನೀನು, ಅವನು/ಅವಳು, ನಾವು, ನೀವು, ಅವರು.) ಹಿಂಗ ಬರದ ಕೂಡಲೇ ಕಾಣ್ತದ, ಮೊದಲಿನ ಮೂರು ಮತ್ತ ಕಡೀದು, ಈ ನಾಲ್ಕರಾಗ ಭಾರ 'ಪಾರ್' ಮ್ಯಾಲ. 'ನಾವು, ನೀವು' ಇವೆರಡರಾಗ ಮುಂದ ಜಿಗೀತದ. ಕಡೀದು 'ಪರ್ಲಾನೊ' ಅಲ್ಲ, ಪಾರ್ಲನೊ. ಅಲ್ಲೇ ಎಲ್ಲಾರೂ ಎಡವೂದು.

ಗಂಡು ಹೆಣ್ಣಿನ ಭೇದಾನೂ ಇಲ್ಲ ನೋಡು. ನಮ್ಮಲ್ಲಿ ಮಾತಾಡ್ತಾನ, ಮಾತಾಡ್ತಾಳ, ಮಾತಾಡ್ತದ ಮೂರು. ಅವರಿಗೆ ಮೂರಕ್ಕೂ ಒಂದ ಪಾರ್ಲ.

ಕಡಲ ಕೆಲಸ

ಮಾಸ್ತರ್ರೆ, ನಿಮ್ಮ ನೋಟ್‌ಬುಕ್ ಫೋಟೊ ಹಾಕಿ ಮಾರಾಯ್ರೆ, ನಮ್ಗೂ ಬೇಕು.

ನಾನು ಮಂಗ್ಳೂರಿನವ, ಕ್ರೂಸ್ ಹಡಗಿನಲ್ಲಿ ಊಟದ ಹಾಲ್‌ನಲ್ಲಿ ಕೆಲಸ. ಇಟಾಲಿಯನ್ ಪ್ರಯಾಣಿಕರೇ ಜಾಸ್ತಿ. ನನಗೆ ಕೋಷ್ಟಕ ಎಂತದ್ದೂ ಗೊತ್ತಿಲ್ಲ, ಕಿವಿಯಲ್ಲಿ ಕಲ್ತದ್ದು. ಆದ್ರೆ ಒಂದು ವಿಷಯ ಮೊದಲೇ ಹೇಳ್ತೇನೆ, ಇಲ್ಲದಿದ್ರೆ ಮರ್ಯಾದೆ ಹೋಗ್ತದೆ. ನಮ್ಮಲ್ಲಿ ದೊಡ್ಡವರಿಗೆ 'ನೀವು' ಅಂತ ಬಹುವಚನ. ಅವರಲ್ಲಿ ಗೌರವಕ್ಕೆ 'ಲೇಯ್' ಅಂತ ಉಂಟು, ಅದು ಏಕವಚನ, ಅದೂ 'ಅವಳು' ಅನ್ನೋದಕ್ಕೆ ಇರುವ ಶಬ್ದವೇ! 'ಲೇಯ್ ಪಾರ್ಲ ಇಂಗ್ಲೇಸೆ?' ಅಂದ್ರೆ 'ತಾವು ಇಂಗ್ಲಿಷ್ ಮಾತಾಡ್ತೀರಾ?'. ಎದುರು ಗಂಡಸು ಇದ್ದರೂ ಅದೇ.

ಈಗ ಗಮ್ಮತ್ತು ನೋಡಿ. ಮಾಮೂಲಿ ವಾಕ್ಯದಲ್ಲಿ ನೀನು = ಪಾರ್ಲಿ, ತಾವು = ಪಾರ್ಲ. ಆಜ್ಞೆಗೆ ಬಂದ್ರೆ ಅದಲುಬದಲು. ನೀನು ಮಾತಾಡು = ಪಾರ್ಲ! ತಾವು ಮಾತಾಡಿ = ಪಾರ್ಲಿ! ಪ್ರಯಾಣಿಕರು ಬಡಬಡ ಹೇಳ್ತಾ ಹೋದ್ರೆ ನಾವು ಹೇಳ್ಲಿಕ್ಕೆ ಇರೋದು 'ಪಾರ್ಲಿ ಪ್ಯೂ ಲೆಂತಮೆಂತೆ, ಪೆರ್ ಫವೋರೆ', ಸ್ವಲ್ಪ ನಿಧಾನ ಮಾತಾಡಿ ಅಂತ. ಅಲ್ಲಿ 'ಪಾರ್ಲ' ಅಂದ್ರೆ ಅರವತ್ತು ದಾಟಿದ ಹೆಂಗಸಿಗೆ 'ಏ, ಮೆಲ್ಲ ಮಾತಾಡು' ಅಂದ ಹಾಗೆ.

ಬೇಡ ಅನ್ನೋದಕ್ಕೆ: ನೀನು ಮಾತಾಡಬೇಡ = ನೊನ್ ಪರ್ಲಾರೆ (ಮೂಲ ರೂಪವೇ), ತಾವು ಮಾತಾಡಬೇಡಿ = ನೊನ್ ಪಾರ್ಲಿ, ನೀವೆಲ್ಲ ಮಾತಾಡಬೇಡಿ = ನೊನ್ ಪರ್ಲಾತೆ.

ಅಡ್ಡಪ್ರಶ್ನೆ

ಕನ್ನಡ ಲಿಪಿ ಒಳ್ಳೇದೇ, ಆದರೆ ಮಾಸ್ತರು ಹೇಳಿದಷ್ಟು ಸಲೀಸಾಗಿಲ್ಲ. 'ನಿಯಮಿತ' ಅಂದರೆ ಪ್ರತ್ಯಯ ನಿಯಮಿತ, ಸ್ವರಭಾರ ಅಲ್ಲ. 'ಅಬಿತಾರೆ' (ವಾಸಿಸು) ತಗೊಳ್ಳಿ. ಪರ್ಲಾರೆಯ ಲೆಕ್ಕದಲ್ಲಿ ಹೋದರೆ 'ಅಬೀತೊ' ಆಗಬೇಕು. ಆಗೋದು ಆಬಿತೊ, ಆಬಿತಿ, ಆಬಿತ, ಅವರು ಅಂದರೆ ಆಬಿತನೊ. 'ತೆಲೆಫೊನಾರೆ' ಫೋನ್ ಮಾಡು: ತೆಲೇಫೊನೊ, ತೆಲೇಫೊನನೊ. ಕೊನೆಯಿಂದ ನಾಲ್ಕನೇ ಉಚ್ಚಾರದ ಮೇಲೆ ಭಾರ. ಇದು ಮಾಮೂಲಿ ಕೋಷ್ಟಕದಲ್ಲಿ ಇರಲ್ಲ, ಒಂದೊಂದು ಕ್ರಿಯಾಪದಕ್ಕೂ 'ನಾನು' ರೂಪ ಕೇಳಿಸಿಕೊಂಡೇ ಕಲೀಬೇಕು.

ಇನ್ನೊಂದು, ರೋಮನ್ ಲಿಪಿಯಲ್ಲಿ ಬರೆಯೋದು ತಪ್ಪಿಸಿಕೊಳ್ಳೋಕೆ ಆಗಲ್ಲ. ಅರ್ಜಿ ಫಾರಂ ಯಾರೂ ಕನ್ನಡದಲ್ಲಿ ತಗೊಳ್ಳಲ್ಲ.

ಧಾರವಾಡ ಮಾಸ್ತರ

ಸ್ವರಭಾರದ ಮಾತು ಖರೆ ಅದ, ಒಪ್ಪಿದೆ. ಆದ್ರ ಲಿಪಿ ಬಗ್ಗೆ ನನ್ನದೊಂದು ತಕರಾರು. 'ಚೆರ್ಕಾರೆ' (ಹುಡುಕು), 'ಪಗಾರೆ' (ಹಣ ಕೊಡು) ಇವುಕ್ಕ ಪುಸ್ತಕದಾಗ 'ಕಾಗುಣಿತ ಬದಲಾಗ್ತದ' ಅಂತ ಬ್ಯಾರೇ ಪಾಠ ಇರ್ತದ. 'ನೀನು' ರೂಪಕ್ಕ, ಭವಿಷ್ಯತ್ತಿಗೆ ನಡುವ ಒಂದು ಹೆಚ್ಚಿನ ಅಕ್ಷರ ಸೇರಸ್ತಾರ, ಇಲ್ಲಾಂದ್ರ ಕ ಹೋಗಿ ಚ ಆಗ್ತದ. ಕನ್ನಡದಾಗ ಬರೀರಿ: ಚೇರ್ಕೊ, ಚೇರ್ಕಿ, ಚೇರ್ಕ, ಚೆರ್ಕೆರೋ. ಎಲ್ಲಿ ಅದ ಬದಲಾವಣಿ? ಕಿವಿಗೆ ಅದು ಪರ್ಲಾರೆಯಷ್ಟ ನಿಯಮಿತ. ತೊಂದ್ರಿ ರೋಮನ್ ಲಿಪಿಯದು, ಕ್ರಿಯಾಪದದ್ದಲ್ಲ. ಅದಕ್ಕ ಮೊದಲು ಕಿವಿ, ಆಮ್ಯಾಲ ಕೈ.

(ಪಗಾರೆ ಅಂದ ಕೂಡಲೇ ನಮ್ಮ ಮಂದಿ ನಗ್ತಾರ. ನಮ್ಮ 'ಪಗಾರ' ಪೋರ್ತುಗೀಸರಿಂದ ಬಂದದ್ದು, ಅದೂ ಇದೂ ಒಂದ ಲ್ಯಾಟಿನ್ ಬೇರಿನವು. ಹಿಂಗಾಗಿ ಆ ಶಬ್ದ ಯಾರಿಗೂ ಮರೆಯೂದಿಲ್ಲ.)

ಹೊರಡೋ ತಯಾರಿ

ಅಡ್ಡಪ್ರಶ್ನೆಯವರೇ, ಅಬಿತಾರೆ ತಕ್ಷಣ ಬರೆದಿಟ್ಕೊಂಡೆ. ಎಲ್ಲರಿಗೂ ಥ್ಯಾಂಕ್ಸ್. ಈಗ ಭವಿಷ್ಯತ್ ಮತ್ತೆ ಕೊಂದಿತ್ಸ್ಯೊನಾಲೆ (ಷರತ್ತಿನ ರೂಪ). 'ಮಾತಾಡುವೆವು' ಮತ್ತೆ 'ಮಾತಾಡಬಹುದಿತ್ತು/ಮಾತಾಡ್ತಿದ್ವಿ' ಎರಡೂ ನಂಗೆ ಒಂದೇ ಥರ ಕೇಳಿಸುತ್ತೆ. ಆಡಿಯೋ ಎಷ್ಟು ಸಲ ಕೇಳಿದ್ರೂ ಗೊಂದಲ.

ಧಾರವಾಡ ಮಾಸ್ತರ

ಇಲ್ಲೇ ಕನ್ನಡದವರಿಗೆ ಲಾಭ ಇರೂದು. ಬರದು ನೋಡು.

ಭವಿಷ್ಯತ್: ಪರ್ಲೆರೋ, ಪರ್ಲೆರಾಯ್, ಪರ್ಲೆರಾ, ಪರ್ಲೆರೇಮೊ, ಪರ್ಲೆರೇತೆ, ಪರ್ಲೆರನ್ನೊ

ಕೊಂದಿತ್ಸ್ಯೊನಾಲೆ: ಪರ್ಲೆರೇಯ್, ಪರ್ಲೆರೇಸ್ತಿ, ಪರ್ಲೆರೆಬ್ಬೆ, ಪರ್ಲೆರೆಮ್ಮೊ, ಪರ್ಲೆರೇಸ್ತೆ, ಪರ್ಲೆರೆಬ್ಬೆರೊ

'ನಾವು' ರೂಪದಾಗ ವ್ಯತ್ಯಾಸ ಒಂದ ಮ-ಒತ್ತು. ಪರ್ಲೆರೇಮೊ ಅಂದ್ರ 'ಮಾತಾಡ್ತೇವಿ ಮುಂದ', ಪರ್ಲೆರೆಮ್ಮೊ ಅಂದ್ರ 'ಮಾತಾಡ್ತಿದ್ದಿವಿ, ಆದ್ರ...'. ಇಂಗ್ಲಿಷ್ ಮಾತೃಭಾಷೆಯವರಿಗೆ ಇದು ಕೇಳೂದ ಇಲ್ಲ. ಬೊಲೋನ್ಯದ ಕ್ಲಾಸಿನ್ಯಾಗ ನಾ ಸ್ವತಃ ನೋಡೇನಿ. ನಾವು ಹುಟ್ಟಾ 'ಹಳಿ–ಹಳ್ಳಿ', 'ಕತೆ–ಕತ್ತೆ' ಬ್ಯಾರೆ ಮಾಡಿದವರು, ನಮಗೇನು ಕಷ್ಟ? ಒತ್ತಕ್ಷರದ ಹಿಂದಿನ ಸ್ವರ ಗಿಡ್ಡ, ಬಿಡಿ ಅಕ್ಷರದ ಹಿಂದಿನ ಭಾರದ ಸ್ವರ ಎಳೀತದ. ಅಷ್ಟು ಹಿಡಕೋ.

ಇನ್ನ ಈ ಎರಡು ಸಾಲು ಎಲ್ಲಿಂದ ಬಂದವು ಅಂತ ತಿಳಕೊಂಡ್ರ ಬಾಯಿಪಾಠ ಬ್ಯಾಡ. ಲ್ಯಾಟಿನ್ನಿನ ಹಳೇ ಭವಿಷ್ಯತ್ ರೂಪ ಬಿದ್ದು ಹೋತು. ಆಡುಮಾತಿನ್ಯಾಗ ಮಂದಿ ಮೂಲ ರೂಪಕ್ಕ 'ಇರು/ಹೊಂದಿರು' ಅನ್ನೂ ಕ್ರಿಯಾಪದ ಅಂಟಿಸಿದ್ರು. 'ಪರ್ಲಾರೆ' + ಒ, ಆಯ್, ಆ... ಅದರ ಬಾಲ ನೋಡು: ಪರ್ಲೆರ್-ಓ, ಪರ್ಲೆರ್-ಆಯ್, ಪರ್ಲೆರ್-ಆ, ಪರ್ಲೆರ್-ಅನ್ನೊ. ಅವೇರೆಯ ವರ್ತಮಾನ ಒ, ಆಯ್, ಆ, ಅನ್ನೊ. ಅದ ಇದು! ಕೊಂದಿತ್ಸ್ಯೊನಾಲೆಗೆ ಅದರ ಭೂತಕಾಲ ಅಂಟೇದ: ಎಬ್ಬಿ, ಎಬ್ಬೆ, ಎಬ್ಬೆರೊ. ಅದಕ್ಕ ಪರ್ಲೆರ್-ಎಬ್ಬೆ, ಪರ್ಲೆರ್-ಎಬ್ಬೆರೊ. ನಾವು 'ಮಾತಾಡಿ + ಇದ್ದೇನೆ' ಕೂಡಿಸಿ 'ಮಾತಾಡಿದ್ದೇನೆ' ಮಾಡಿಕೊಂಡಿಲ್ಲೇನು? ಅದ ಕೆಲಸ.

'ಪರ್ಲಾ' ಇದ್ದದ್ದು 'ಪರ್ಲೆ' ಆದದ್ದು ಫ್ಲಾರೆನ್ಸಿನ ನಾಲಗಿಯಿಂದ. ಭಾರ ಇಲ್ಲದ 'ಅರ್' ಅಲ್ಲಿ 'ಎರ್' ಆತು. ಬಾಜೂಕಿನ ಸಿಯೇನಾದವರು ಹಿಂದ 'ಪರ್ಲರೋ' ಅಂತಿದ್ರು. ಇಟಾಲಿಯನ್ ಪ್ರಮಾಣ ಭಾಷೆ ಆದದ್ದು ಫ್ಲಾರೆನ್ಸಿನದು, ಹಿಂಗಾಗಿ ಎಲ್ಲಾರಿಗೂ 'ಪರ್ಲೆರೋ' ಗಂಟು ಬಿತ್ತು. ಫಾರೆ (ಮಾಡು), ದಾರೆ (ಕೊಡು), ಸ್ತಾರೆ (ಇರು) ಮೂರಕ್ಕ ಮಾತ್ರ ಅ ಉಳೀತು: ಫರೋ, ದರೋ, ಸ್ತರೋ.

ಕಡಲ ಕೆಲಸ

ಒತ್ತಕ್ಷರ ಬಿಟ್ರೆ ಎಂತ ಆಗ್ತದೆ ಗೊತ್ತುಂಟಾ? ವಯಸ್ಸು ಕೇಳ್ಲಿಕ್ಕೆ 'ಕ್ವಾಂತಿ ಅನ್ನಿ ಆಯ್?' ಅನ್ಬೇಕು, ಎಷ್ಟು ವರ್ಷ ಅಂತ. ನ-ಒತ್ತು ನುಂಗಿ 'ಆನಿ' ಅಂದ್ರೆ ಮೈಯ ಹಿಂದಿನ ಕೂರುವ ಜಾಗದ (ಗುದದ) ಲೆಕ್ಕ ಕೇಳಿದ ಹಾಗೆ ಆಗ್ತದೆ. ನಮ್ಮ ಹಡಗಿನಲ್ಲಿ ಹೊಸ ಹುಡುಗರಿಗೆ ಮೊದಲನೇ ಪಾಠ ಇದೇ.

ಅಡ್ಡಪ್ರಶ್ನೆ

ಭವಿಷ್ಯತ್ತಿನ ರೂಪ ಆಯ್ತು, ಬಳಕೆ ಯಾರೂ ಹೇಳಲಿಲ್ಲ. 'ನಾಳೆ ಮೇಷ್ಟ್ರ ಹತ್ರ ಮಾತಾಡ್ತೀನಿ' ಅನ್ನೋಕೆ ಇಟಾಲಿಯನ್ನರು ಬಹಳ ಸಲ ವರ್ತಮಾನವನ್ನೇ ಆಡ್ತಾರೆ: 'ದೊಮಾನಿ ಪಾರ್ಲೊ ಕೊನ್ ಇಲ್ ಪ್ರೊಫೆಸ್ಸೋರೆ'. ಕನ್ನಡದ ಹಾಗೇ. ಹಾಗಾದರೆ ಪರ್ಲೆರಾ ಎಲ್ಲಿ ಕೇಳಿಸುತ್ತೆ? ಊಹೆಯಲ್ಲಿ. 'ಅ ಕ್ವೆಸ್ತೋರ ಪರ್ಲೆರಾ ಕೊನ್ ಸೂವ ಮಾದ್ರೆ' ಅಂದರೆ 'ಈ ಹೊತ್ತಿಗೆ ಅಮ್ಮನ ಜೊತೆ ಮಾತಾಡ್ತಿರ್ತಾನೆ'. ಮುಂದೆ ನಡೆಯೋದಲ್ಲ, ಈಗ ನಡೀತಿರಬಹುದಾದ್ದು. 'ಅವ್ರಾ ಪರ್ಲಾತೊ' ಅಂದರೆ 'ಮಾತಾಡಿರ್ತಾನೆ'. ಪುಸ್ತಕಗಳು ಇದನ್ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕ್ತವೆ. ಬೀದಿಯಲ್ಲಿ ಮೊದಲು ಕಿವಿಗೆ ಬೀಳೋದು ಇದೇ.

ಧಾರವಾಡ ಮಾಸ್ತರ

ನಮ್ಮ ವ್ಯಾಕರಣದಾಗ ಇದಕ್ಕ ಸಂಭಾವನಾರ್ಥಕ ಅಂತ ಹೆಸರ ಅದ. ಮಾತಾಡಿಯಾನು, ಮಾತಾಡಿಯಾಳು, ಮಾತಾಡಿಯಾರು.

ಅಡ್ಡಪ್ರಶ್ನೆ

ಅದೆಷ್ಟು ಜನ ಈಗ 'ಮಾತಾಡಿಯಾನು' ಅಂತಾರೆ ಮಾಸ್ತರ್ರೆ? ಅಲ್ಲದೆ ಅದು 'ಮಾತಾಡಿದರೂ ಮಾತಾಡಬಹುದು' ಅನ್ನೋ ಅನುಮಾನ. ಪರ್ಲೆರಾದಲ್ಲಿ ಹೆಚ್ಚುಕಡಿಮೆ ಖಾತ್ರಿ ಇದೆ. ಅದಕ್ಕೇ ನಾನು 'ಮಾತಾಡ್ತಿರ್ತಾನೆ' ಅಂದಿದ್ದು.

ಪಲೆರ್ಮೊ ಸೊಸೆ

ಹೊಸಬಳು ನಾನು, ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಮೈಸೂರಿನವಳು, ಸಿಸಿಲಿಗೆ ಸೊಸೆಯಾಗಿ ಬಂದವಳು. ತೊರೀನೊ ಹಳಬರು 'ಪಸ್ಸಾತೊ ರೆಮೋತೊ' (ದೂರದ ಭೂತಕಾಲ) ವಿಷಯ ಎತ್ತಲೇ ಇಲ್ಲ, ಅಲ್ಲಿಯವರಿಗೆ ಅದು ಬೇಕಾಗಲ್ಲ ಬಿಡಿ! ರೂಪಗಳು ಇವು:

ಪರ್ಲಾಯ್, ಪರ್ಲಾಸ್ತಿ, ಪರ್ಲೋ, ಪರ್ಲಮ್ಮೊ, ಪರ್ಲಾಸ್ತೆ, ಪರ್ಲಾರೊನೊ

ಉತ್ತರ ಇಟಲಿಯಲ್ಲಿ ಅಜ್ಜ ಸತ್ತು ಐವತ್ತು ವರ್ಷ ಆಗಿದ್ದರೂ 'ಆ ಪರ್ಲಾತೊ' ಅಂತಲೇ ಹೇಳ್ತಾರೆ. ರೆಮೋತೊ ಕತೆಪುಸ್ತಕದಲ್ಲಿ, ಇತಿಹಾಸದ ಪಾಠದಲ್ಲಿ ಮಾತ್ರ. ನಮ್ಮ ಕಡೆ ಉಲ್ಟಾ. ಅತ್ತೆ ಬೆಳಿಗ್ಗೆ ಮಾರ್ಕೆಟ್ಟಿಂದ ಬಂದು ಮೀನಿನವನ ಹತ್ತಿರ ಆಡಿದ ಮಾತನ್ನ 'ಪರ್ಲಾಯ್' ಅಂತ ಹೇಳ್ತಾರೆ. ಅರ್ಧ ಗಂಟೆ ಆಗಿರಲ್ಲ. ಪುಸ್ತಕದಲ್ಲಿ 'ಬಹಳ ಹಿಂದೆ ನಡೆದಿದ್ದಕ್ಕೆ' ಅಂತ ಓದಿಕೊಂಡು ಬಂದವಳಿಗೆ ತಲೆ ತಿರುಗಿತ್ತು. ಇಲ್ಲಿ ಮುಗಿದು ಹೋಗಿದ್ದಕ್ಕೆ ರೆಮೋತೊ, ಇನ್ನೂ ಅದರ ಎಳೆ ಉಳಿದಿರೋದಕ್ಕೆ 'ಒ ಪರ್ಲಾತೊ'. ತೊಸ್ಕಾನದವರು (ಫ್ಲಾರೆನ್ಸ್ ಇರೋ ಪ್ರಾಂತದವರು) ಎರಡನ್ನೂ ಪುಸ್ತಕದ ಹಾಗೇ ಬೇರೆ ಇಟ್ಟುಕೊಂಡಿದ್ದಾರೆ.

ಪಾರ್ಲೊ-ಪರ್ಲೋ ಎಚ್ಚರ. ಪಾರ್ಲೊ (ಭಾರ ಮೊದಲು) = ನಾನು ಮಾತಾಡ್ತೀನಿ. ಪರ್ಲೋ (ಭಾರ ಕೊನೆಗೆ) = ಅವನು ಮಾತಾಡಿದ. ಆಳೂ ಬೇರೆ, ಕಾಲವೂ ಬೇರೆ.

ಇನ್ನು ಪರ್ಲಾವೊ ಸಾಲು ಎಲ್ಲಕ್ಕಿಂತ ಸುಲಭ, ಮೂರೂ ಗುಂಪಿನ ಕ್ರಿಯಾಪದಕ್ಕೆ ಒಂದೇ ಬಾಲ: ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ. ನಮ್ಮ 'ಮಾತಾಡ್ತಿದ್ದೆ'. 'ಪರ್ಲಾವೊ ಕೊನ್ ಮೀಯ ಮಾದ್ರೆ, ಕ್ವಾಂದೊ ಎ ಅರ್ರಿವಾತೊ ಲಾವ್ತೊಬುಸ್', ಅಮ್ಮನ ಜೊತೆ ಮಾತಾಡ್ತಿದ್ದೆ, ಬಸ್ ಬಂತು. ಕನ್ನಡದಲ್ಲಿ ಎಲ್ಲಿ 'ತಿದ್ದೆ' ಬರುತ್ತೋ ಅಲ್ಲೆಲ್ಲ ಬಹುಮಟ್ಟಿಗೆ ಇದೇ. ಹಳೇ ಪುಸ್ತಕದಲ್ಲಿ 'ಇಯೊ ಪರ್ಲಾವ' ಅಂತ ಕಂಡರೆ ಗಾಬರಿಯಾಗಬೇಡಿ. ಹಿಂದೆ 'ನಾನು' ರೂಪವೂ 'ಅ'ದಲ್ಲೇ ಮುಗೀತಿತ್ತು. ಮಂಜೋನಿ ತನ್ನ ಕಾದಂಬರಿಯನ್ನ ಫ್ಲಾರೆನ್ಸಿನ ಮಾತಿಗೆ ತಿದ್ದಿ 1840ರಿಂದ ಮತ್ತೆ ಅಚ್ಚು ಹಾಕಿಸಿದಾಗ 'ಒ'ಕಾರ ಹಾಕಿದ, ಆಮೇಲೆ ಅದೇ ನಿಂತಿತು.

'ಒ ಪರ್ಲಾತೊ' ಬಗ್ಗೆ ಒಂದೇ ಮಾತು. ಪರ್ಲಾರೆಗೆ ಅವೇರೆ ಜೊತೆ. ಹೋಗು, ಬಾ, ತಲುಪು ಥರದವಕ್ಕೆ ಎಸ್ಸೆರೆ (ಇರು) ಜೊತೆ, ಆಗ ಲಿಂಗ ಹತ್ತುತ್ತೆ: 'ಹೋದೆ' ಅನ್ನೋಕೆ ಗಂಡಸಾದರೆ 'ಸೋನೊ ಅಂದಾತೊ', ನೀವು 'ಸೋನೊ ಅಂದಾತ' ಅನ್ನಬೇಕು.

ಹೊರಡೋ ತಯಾರಿ

ಅಕ್ಕ, ಇದು ಬಹಳ ಉಪಯೋಗ ಆಯ್ತು. ಇನ್ನು ಉಳಿದಿರೋದು ಕೊಂಜುಂತೀವೊ (ಆಸೆ, ಅನಿಸಿಕೆ ಹೇಳೋ ರೂಪ). ಅದಕ್ಕೆ ಕನ್ನಡದಲ್ಲಿ ಏನೂ ಇಲ್ವಲ್ಲ?

ಧಾರವಾಡ ಮಾಸ್ತರ

ಯಾಕಿಲ್ಲ? 'ಮಾತಾಡಲಿ' ಅದಲ್ಲ.

ಕೊಂಜುಂತೀವೊ ವರ್ತಮಾನ: ಪಾರ್ಲಿ, ಪಾರ್ಲಿ, ಪಾರ್ಲಿ, ಪರ್ಲ್ಯಾಮೊ, ಪರ್ಲ್ಯಾತೆ, ಪಾರ್ಲಿನೊ

ಮೊದಲಿನ ಮೂರೂ ಒಂದ. ನಮ್ಮ 'ಮಾತಾಡಲಿ'ನೂ ಹಂಗ: ಅವನು ಮಾತಾಡಲಿ, ಅವಳು ಮಾತಾಡಲಿ, ಅವರು ಮಾತಾಡಲಿ. ಬಾಲ ಬದಲಾಗೂದಿಲ್ಲ. 'ವೋಲ್ಯೊ ಕೆ ಪಾರ್ಲಿ' ಅಂದ್ರ 'ಅವನು ಮಾತಾಡಲಿ ಅಂತ ನನ್ನ ಇಚ್ಛಾ'. ವಿಧ್ಯರ್ಥಕ ಅಂತ ಎಂಟನೇತ್ತೆಯೊಳಗ ಕಲಿಸೇನಿ ನಾ ಇದನ್ನ.

ಅಡ್ಡಪ್ರಶ್ನೆ

ಅರ್ಧ ಮಾತ್ರ ಸರಿ. ಆಸೆ, ಅಪ್ಪಣೆಗೆ 'ಮಾತಾಡಲಿ' ಹೊಂದುತ್ತೆ. ಆದರೆ ಇಟಾಲಿಯನ್ನಿನ ಕೊಂಜುಂತೀವೊ ಹೆಚ್ಚು ಬರೋದು ನಂಬಿಕೆ, ಅನಿಸಿಕೆಗೆ. 'ಕ್ರೇದೊ ಕೆ ಪಾರ್ಲಿ ಇತಲ್ಯಾನೊ', ಅವನು ಇಟಾಲಿಯನ್ ಮಾತಾಡ್ತಾನೆ ಅನ್ಸುತ್ತೆ. ಇಲ್ಲಿ 'ಮಾತಾಡಲಿ' ಹಾಕಿ ನೋಡಿ, ಅರ್ಥವೇ ಕೆಡುತ್ತೆ. ನಮಗೆ ಇಲ್ಲಿ ಮಾಮೂಲಿ 'ಮಾತಾಡ್ತಾನೆ'. ಹಾಗಾಗಿ ಕನ್ನಡದ ಅಭ್ಯಾಸದಲ್ಲಿ 'ಕ್ರೇದೊ ಕೆ ಪಾರ್ಲ' ಅಂತ ಬಂದೇ ಬರುತ್ತೆ. 'ಗೊತ್ತು' ಅನ್ನೋದಕ್ಕೆ 'ಸೊ ಕೆ ಪಾರ್ಲ', ಅಲ್ಲಿ ಅನುಮಾನ ಇಲ್ಲ, ಹಾಗಾಗಿ ಕೊಂಜುಂತೀವೊ ಇಲ್ಲ. ಈ 'ಸೊ' ಮತ್ತು 'ಕ್ರೇದೊ'ದ ಗೆರೆಯನ್ನ ಕನ್ನಡ ಎಳೆದುಕೊಡಲ್ಲ, ಹೊಸದಾಗಿಯೇ ಕಲೀಬೇಕು.

ಧಾರವಾಡ ಮಾಸ್ತರ

ಅನಿಸಿಕಿಗೆ ಹೊಂದೂದಿಲ್ಲ, ಖರೆ. ಆದ್ರ ಬಾಗಿಲು ತೆರೀಲಿಕ್ಕೆ ಅರ್ಧ ಕೀಲಿ ಸಾಕಲ್ಲೋ ತಮ್ಮಾ.

ಅಡ್ಡಪ್ರಶ್ನೆ

ಅರ್ಧ ಕೀಲಿ ಬೀಗದಲ್ಲಿ ಮುರಿದುಕೊಳ್ಳುತ್ತೆ ಮಾಸ್ತರ್ರೆ. :)

ಪಲೆರ್ಮೊ ಸೊಸೆ

ಇಬ್ಬರೂ ಜಗಳ ಆಡ್ತಿರಿ, ನಾನು ಒಂದು ಉಪಾಯ ಹೇಳ್ತೀನಿ. 'ಕ್ರೇದೊ ಕೆ' ಬದಲು 'ಸೆಕೊಂದೊ ಮೆ' (ನನ್ನ ಪ್ರಕಾರ) ಅನ್ನಿ. ಅದರ ಮುಂದೆ ಕೊಂಜುಂತೀವೊ ಬೇಡ: 'ಸೆಕೊಂದೊ ಮೆ ಪಾರ್ಲ ಇತಲ್ಯಾನೊ'. ತಪ್ಪೇ ಇಲ್ಲ, ಚೆನ್ನಾಗಿಯೂ ಇರುತ್ತೆ. ಶುರುವಿನ ಎರಡು ಸೆಮಿಸ್ಟರ್ ಇದರಲ್ಲೇ ಕಳೀಬಹುದು.

ಆಮೇಲೆ ಕಲಿಯೋವಾಗ: ಪರ್ಲಾರೆ ಗುಂಪಿಗೆ ಮಾಮೂಲಿ 'ಅ' (ಪಾರ್ಲ), ಕೊಂಜುಂತೀವೊದಲ್ಲಿ 'ಇ' (ಪಾರ್ಲಿ). ಕ್ರೇದೆರೆ (ನಂಬು), ದೊರ್ಮೀರೆ (ನಿದ್ದೆ ಮಾಡು) ಗುಂಪುಗಳಿಗೆ ಮಾಮೂಲಿ 'ಎ' (ಕ್ರೇದೆ, ದೋರ್ಮೆ), ಕೊಂಜುಂತೀವೊದಲ್ಲಿ 'ಅ' (ಕ್ರೇದ, ದೋರ್ಮ). ಕಡಲ ಕೆಲಸದವರು ಹೇಳಿದ 'ತಾವು ಮಾತಾಡಿ = ಪಾರ್ಲಿ' ಕೂಡ ಇದೇ ಕೊಂಜುಂತೀವೊ. ಗೌರವದ ಆಜ್ಞೆಗೆ ಬೇರೆ ರೂಪ ಇಲ್ಲ, 'ತಾವು ಮಾತಾಡುವಂತಾಗಲಿ' ಅನ್ನೋ ಧಾಟಿ. ಮೂರೂ ರೂಪ ಒಂದೇ ಆಗಿರೋದರಿಂದ ಯಾರು ಅಂತ ತಿಳಿಯೋಕೆ ಇಲ್ಲಿ ಮಾತ್ರ 'ತು', 'ಲೂಯಿ' ಅಂತ ಸರ್ವನಾಮ ಹಾಕೋದು ವಾಡಿಕೆ: 'ಕ್ರೇದೊ ಕೆ ತು ಪಾರ್ಲಿ ಬೇನೆ'.

ತೊರೀನೊ ಹಳಬ

ಭೂತಕಾಲದ ಕೊಂಜುಂತೀವೊ ಬಿಟ್ಟುಹೋಯ್ತು: ಪರ್ಲಸ್ಸಿ, ಪರ್ಲಸ್ಸಿ, ಪರ್ಲಸ್ಸೆ, ಪರ್ಲಸ್ಸಿಮೊ, ಪರ್ಲಾಸ್ತೆ, ಪರ್ಲಸ್ಸೆರೊ. ಇದು ಬೇಕಾಗೋದು 'ರೆ' ವಾಕ್ಯಕ್ಕೆ. 'ಸೆ ಪರ್ಲಸ್ಸಿ ಮೇಲ್ಯೊ, ತ್ರೊವೆರೇಯ್ ಕಾಸ', ಇನ್ನೂ ಚೆನ್ನಾಗಿ ಮಾತಾಡೋ ಹಾಗಿದ್ದರೆ ಮನೆ ಸಿಗ್ತಿತ್ತು. 'ಸೆ' ಇರೋ ಕಡೆ ಪರ್ಲಸ್ಸಿ, ಇನ್ನೊಂದು ಕಡೆ ಕೊಂದಿತ್ಸ್ಯೊನಾಲೆ. 'ಸೆ ಪರ್ಲೆರೇಯ್' ಅನ್ನಬೇಡಿ. ಅದು ಇಟಾಲಿಯನ್ ಮಕ್ಕಳೂ ಮಾಡೋ ತಪ್ಪು, ಮೇಷ್ಟ್ರು ಕಿವಿ ಹಿಂಡೋ ತಪ್ಪು.

ಕಳೆದುಹೋದ ಮಾತಾದರೆ ಎರಡನ್ನೂ ಜೋಡಿ ಮಾಡಿ: 'ಸೆ ಅವೆಸ್ಸಿ ಪರ್ಲಾತೊ, ಅವ್ರೇಯ್ ತ್ರೊವಾತೊ ಕಾಸ', ಮಾತಾಡಿದ್ದಿದ್ರೆ ಮನೆ ಸಿಕ್ಕಿರ್ತಿತ್ತು. ಇಷ್ಟು ಉದ್ದ ಯಾರಿಗೆ ಬೇಕು ಅಂತ ಜನ ಮಾತಲ್ಲಿ ಎರಡೂ ಕಡೆ 'ತಿದ್ದೆ' ರೂಪ ಹಾಕ್ತಾರೆ: 'ಸೆ ಪರ್ಲಾವೊ, ತ್ರೊವಾವೊ ಕಾಸ'. ನಾವು 'ಸಿಗ್ತಿತ್ತು' ಅಂತ 'ತಿತ್ತು' ಹಾಕೋದೂ ಅದೇ ಜಾಡು. ಮಾತಲ್ಲಿ ನಡೆಯುತ್ತೆ, ಪರೀಕ್ಷೆಯಲ್ಲಿ ಬರೀ‌ಬೇಡಿ.

ಇನ್ನು ಬೇರೆ ಗುಂಪುಗಳ ವಿಷಯ ಇಲ್ಲಿ ಎಳೆಯೋದು ಬೇಡ. ಒಂದೇ ಒಂದು: 'ಕಪೀರೆ' (ಅರ್ಥಮಾಡಿಕೊ) ಥರದವಕ್ಕೆ ನಡುವೆ 'ಇಸ್ಕ್' ಬರುತ್ತೆ, ಕಪಿಸ್ಕೊ. 'ನೊನ್ ಕಪಿಸ್ಕೊ' ನಿಮಗೆ ದಿನಾ ಬೇಕಾಗೋ ಮಾತು. ಪರ್ಲಾರೆ ಗುಂಪು ಗಟ್ಟಿ ಮಾಡಿಕೊಂಡರೆ ನಷ್ಟ ಇಲ್ಲ. ಇಟಾಲಿಯನ್ನಿಗೆ ಈಗ ಬರ್ತಿರೋ ಹೊಸ ಕ್ರಿಯಾಪದಗಳು ಬಹುಪಾಲು ಈ ಗುಂಪಿಗೇ ಸೇರ್ತವೆ: ಕ್ಲಿಕ್ಕಾರೆ, ಚತ್ತಾರೆ, ಗೂಗ್ಲಾರೆ. ಬಾಲ ಎಲ್ಲಾ ಪರ್ಲಾರೆಯದ್ದೇ.

ಹೊರಡೋ ತಯಾರಿ

ಎಲ್ಲಾ ಕೂಡಿಸಿ ಐದು ವಾಕ್ಯ ಬರೆದಿದೀನಿ, ತಿದ್ದಿ ಕೊಡ್ತೀರಾ?

1. ಪಾರ್ಲೊ ಇತಲ್ಯಾನೊ ದ ದೂಯೆ ಮೇಸಿ. (ಎರಡು ತಿಂಗಳಿಂದ ಇಟಾಲಿಯನ್ ಮಾತಾಡ್ತಿದೀನಿ.)
2. ಯೇರಿ ಒ ಪರ್ಲಾತೊ ಕೊನ್ ಇಲ್ ಪ್ರೊಪ್ರಿಯೆತಾರ್ಯೊ. (ನಿನ್ನೆ ಮನೆ ಮಾಲೀಕರ ಜೊತೆ ಮಾತಾಡಿದೆ.)
3. ಕ್ರೇದೊ ಕೆ ಪಾರ್ಲಿ ಇಂಗ್ಲೇಸೆ. (ಅವರು ಇಂಗ್ಲಿಷ್ ಮಾತಾಡ್ತಾರೆ ಅನ್ಸುತ್ತೆ.)
4. ಸೆ ಪರ್ಲಸ್ಸೆ ಇಂಗ್ಲೇಸೆ, ಪರ್ಲೆರೆಮ್ಮೊ ದಿ ತುತ್ತೊ. (ಅವರು ಇಂಗ್ಲಿಷ್ ಮಾತಾಡೋ ಹಾಗಿದ್ದರೆ ಎಲ್ಲಾ ವಿಷಯ ಮಾತಾಡ್ತಿದ್ವಿ.)
5. ಆ ದೆತ್ತೊ ಕೆ ಪರ್ಲೆರೆಬ್ಬೆ ಕೊನ್ ಲ ಮೋಲ್ಯೆ. (ಹೆಂಡತಿ ಜೊತೆ ಮಾತಾಡ್ತೀನಿ ಅಂದರು.)

ಧಾರವಾಡ ಮಾಸ್ತರ

ಒಂದನೇದು ಬೇಷ್! ಇಂಗ್ಲಿಷ್ ಮೂಲಕ ಬಂದವರು ಇಲ್ಲಿ 'ಒ ಪರ್ಲಾತೊ' ಹಾಕ್ತಾರ. ಶುರುವಾಗಿ ಇನ್ನೂ ನಡದದ್ದಕ್ಕ ವರ್ತಮಾನ, ನಮ್ಮ ಹಾಂಗ. ನಾಲ್ಕನೇದ್ರಾಗ ಮ-ಒತ್ತು ಸರಿ ಬಿದ್ದದ.

ಪಲೆರ್ಮೊ ಸೊಸೆ

ಮೊದಲ ನಾಲ್ಕೂ ಸರಿ. ಐದನೇದು 'ಆ ದೆತ್ತೊ ಕೆ ಅವ್ರೆಬ್ಬೆ ಪರ್ಲಾತೊ ಕೊನ್ ಲ ಮೋಲ್ಯೆ' ಆಗಬೇಕು. ಕನ್ನಡದಲ್ಲಿ ನಾವು ಅವರ ಬಾಯಿಂದ ಬಂದ ಮಾತನ್ನೇ 'ಮಾತಾಡ್ತೀನಿ ಅಂದರು' ಅಂತ ಇದ್ದ ಹಾಗೇ ಇಟ್ಟು 'ಅಂತ' ಹಚ್ಚಿಬಿಡ್ತೀವಿ, ಕಾಲ ಬದಲಾಯಿಸೋ ಗೋಜೇ ಇಲ್ಲ. ಇಟಾಲಿಯನ್ನಲ್ಲಿ ಹೇಳಿದ್ದು ನಿನ್ನೆ, ಮಾತಾಡೋದು ಅದಕ್ಕಿಂತ ಮುಂದೆ, ಅಂದರೆ ಭೂತಕಾಲದಲ್ಲಿ ನಿಂತು ನೋಡಿದ ಭವಿಷ್ಯತ್. ಅದಕ್ಕೆ ಕೊಂದಿತ್ಸ್ಯೊನಾಲೆಯ ಜೋಡಿ ರೂಪ, ಅವ್ರೆಬ್ಬೆ ಪರ್ಲಾತೊ. ಅವರು ಆಮೇಲೆ ಮಾತಾಡಿದರೋ ಇಲ್ಲವೋ, ಎರಡಕ್ಕೂ ಇದೇ. ಫ್ರೆಂಚರೂ ಸ್ಪೇನಿನವರೂ ಇಲ್ಲಿ ಒಂಟಿ ರೂಪವೇ ಹಾಕ್ತಾರೆ, ಅವರ ಭಾಷೆಗೆ ಅದು ಸರಿ. ಇಟಾಲಿಯನ್ನಿಗೆ ಮಾತ್ರ ಜೋಡಿ ಬೇಕು.

ಕಡಲ ಕೆಲಸ

ಅದೆಲ್ಲ ಇರ್ಲಿ ಮಾರಾಯ್ರೆ, ಮಾಲೀಕರು ಹೆಂಡತಿ ಹತ್ರ ಮಾತಾಡಿದ್ರಾ? ಮನೆ ಸಿಕ್ತಾ?

ಹೊರಡೋ ತಯಾರಿ

ಇನ್ನೂ ಫೋನ್ ಬಂದಿಲ್ಲ ಅಣ್ಣ. ಪರ್ಲೆರನ್ನೊ!

ಅಡ್ಡಪ್ರಶ್ನೆ

'ಮುಂದೆ ಮಾತಾಡ್ತಾರೆ' ಅಂತಲೋ, 'ಈಗ ಮಾತಾಡ್ತಿರ್ತಾರೆ' ಅಂತಲೋ?